ರೊಟ್ಟಿ ಹಿಟ್ಟಿನ ಕೇಕು: ಗೋಧಿ, ತತ್ತಿ ಇಲ್ಲದ ಬೇಕಿಂಗ್, ನನ್ನ ಅನುಭವ

ನಮ್ದು ಗಂಗಾವತಿ. ಮನ್ಯಾಗ ದಿನಾ ರೊಟ್ಟಿ, ಅನ್ನ. ಗೋಧಿ ಅಂದ್ರ ಯಾವಾಗರ ಚಪಾತಿ, ಹಬ್ಬಕ್ಕ ಹೋಳಿಗಿ ಅಷ್ಟ. ಹಂಗಾಗಿ ಮಗಳಿಗೆ ಗೋಧಿ ಆಗಂಗಿಲ್ಲ ಅನ್ನೋದು ನಮಗ ತಡಾ ಗೊತ್ತಾತು. ಎರಡನೇ ಬರ್ತ್‌ಡೇಕ್ಕ ಬೇಕರಿ ಕೇಕ್ ತಿಂದು ಅರ್ಧ ತಾಸಿನ್ಯಾಗ ಮೈತುಂಬ ಗಂಧಿ ಎದ್ದು, ತುಟಿ ಬಾತು, ಓಣಿ ಮಂದಿ ಎಲ್ಲಾ ಪಿತ್ತ ಅದು, ಕಂಬಳಿಲೆ ತಿಕ್ಕ್ರಿ ಅಂದ್ರು, ನಾವೂ ತಿಕ್ಕಿದ್ವಿ ಸುಳ್ಳ್ಯಾಕ ಹೇಳ್ಲಿ. ಆಮ್ಯಾಲೆ ಡಾಕ್ಟ್ರು ಚರ್ಮದ ಟೆಸ್ಟು, ರಕ್ತದ ಟೆಸ್ಟು ಎರಡೂ ಮಾಡಿಸಿ ಗೋಧಿ ಮತ್ತ ತತ್ತಿ ಎರಡೂ ಬಂದ್ ಮಾಡ್ರಿ, ಉಸಿರಾಟಕ್ಕ ತ್ರಾಸ್ ಆದ್ರ ಮನ್ಯಾಗ ಕಾಯಬ್ಯಾಡ್ರಿ, ಸೀದಾ ದವಾಖಾನಿಗೆ ಕರ್ಕೊಂಡು ಬರ್ರಿ ಅಂದ್ರು. ಮ್ಯಾಲೆ ನಮ್ ನಾದಿನಿ ಮಗನಿಗೆ ಶೇಂಗಾ ಆಗಂಗಿಲ್ಲ, ಅವ್ನು ಸೂಟಿಗೆ ಇಲ್ಲಿಗೇ ಬರ್ತಾನ. ಶೇಂಗಾ ಚಟ್ನಿ ಇಲ್ಲದ ಮನಿ ನಮ್ ಕಡೆ ಯಾವುದೈತಿ ನೀವ ಹೇಳ್ರಿ.

ಎಗ್‌ಲೆಸ್ ಕೇಕ್ ತರ್ರಿ, ಆತಲ್ಲ ಅಂತ ಬಹಳ ಮಂದಿ ಹೇಳ್ತಾರ. ಎಗ್‌ಲೆಸ್ ಅಂದ್ರ ತತ್ತಿ ಇಲ್ಲ ಅಷ್ಟ, ಮೈದಾ ಇದ್ದ ಇರ್ತೈತಿ. ಪ್ಯಾಕೆಟ್ ಮ್ಯಾಲಿನ ಹಸಿರು ಚುಕ್ಕಿನೂ ಹಂಗ, ತತ್ತಿ ಹಾಕಿದ್ರ ಹಸಿರು ಚುಕ್ಕಿ ಹಾಕೋ ಹಂಗಿಲ್ಲ, ಆದ್ರ ಗೋಧಿ, ಶೇಂಗಾಕ್ಕ ಅದು ಏನೂ ಹೇಳಂಗಿಲ್ಲ, ಹಿಂದಿನ ಸಣ್ಣ ಅಕ್ಷರ ಓದ್ಬೇಕು. ರವಾ ಅಂದ್ರೂ ಗೋಧಿನ. ಇಂಗಿನ ಡಬ್ಬಿ ಒಮ್ಮೆ ಓದಿ ನೋಡ್ರಿ, ಬಹಳಷ್ಟು ಇಂಗಿನ್ಯಾಗ ಗೋಧಿ ಹಿಟ್ಟು ಸೇರಿಸಿರ್ತಾರ. ನಾನು ವರ್ಷಗಟ್ಲೆ ಒಗ್ಗರಣಿಗೆ ಹಾಕೀನಿ, ಒಮ್ಮೆನೂ ಓದಿದ್ದಿಲ್ಲ.

ಅದಕ್ಕ ನಾನ ಮಾಡ್ತೀನಿ ಅಂತ ಕುಂತೆ. ಮೊದಲನೇದು ಬರೀ ಅಕ್ಕಿ ಹಿಟ್ಟಿಂದು, ಇಟ್ಟಂಗಿ ಆತು. ಎರಡನೇದು ಬರೀ ಜೋಳದ ಹಿಟ್ಟಿಂದು, ಚಾಕು ಹಚ್ಚಿದ್ದೇ ತಡಾ ಪುಡಿಪುಡಿ ಆಗಿ ತಾಟಿನ ತುಂಬ ಉದುರಿತು, ನಮ್ಮನಿಯವ್ರು ಚಮಚಾ ಕೊಡು, ಉಪ್ಪಿಟ್ಟಿನಂಗ ತಿಂತೀನಿ ಅಂದ್ರು. ಸಿಟ್ಟು ಬಂತು, ಆದ್ರ ಅವ್ರು ಹೇಳಿದ್ದು ಖರೇನ ಇತ್ತು.

ಅವತ್ತು ನಮ್ ಅತ್ತಿ ಕಟ್ಟಿ ಮ್ಯಾಲೆ ಕುಂತು ನೋಡಿ ಅಂದ್ರು, "ಹಿಟ್ಟಿನ್ಯಾಗ ಜಿಗಿ ಎಲ್ಲೈತಿ ಬೇ? ಜಿಗಿ ಇಲ್ಲದ ಹಿಟ್ಟು ರೊಟ್ಟಿ ಆಗಂಗಿಲ್ಲ, ಇನ್ನ ಕೇಕ್ ಹೆಂಗ ಆಕ್ಕೈತಿ? ಎಸರು ಇಡು." ನನಗ ತಲಿಗೆ ಹೊಡದಂಗ ಆತು. ಹಿಟ್ಟು ಹಳೇದಾಗಿ ರೊಟ್ಟಿ ಬಡಿಯೋವಾಗ ಸೀಳಿದ್ರ ನಾವು ಏನ್ ಮಾಡ್ತೀವಿ, ಕುದಿಯೋ ನೀರು ಹಾಕಿ ಹಿಟ್ಟು ಕಲಸ್ತೀವಿ. ಗೋಧ್ಯಾಗ ಗ್ಲುಟೆನ್ ಅನ್ನೋದು ಎಳಿ ಎಳಿ ಆಗಿ ಗಾಳಿ ಹಿಡಿದಿಟ್ಕೊಳ್ತೈತಿ, ಜೋಳದಾಗ ಅದು ಇಲ್ಲ, ಆದ್ರ ಬಿಸಿನೀರು ಬಿದ್ದ ಕೂಡ್ಲೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಂಟಾಗ್ತೈತಿ, ಅದ ನಮ್ ಜಿಗಿ. ಇಷ್ಟು ವರ್ಷ ರೊಟ್ಟಿ ಬಡ್ದು ನನಗ ಹೊಳಿಲಿಲ್ಲ.

ಈಗ ಮಾಡೋದು ಹಿಂಗ. ಜೋಳದ ಹಿಟ್ಟು 1 ಕಪ್, ಅಕ್ಕಿ ಹಿಟ್ಟು ಅರ್ಧ ಕಪ್. ಇದರಾಗ 3 ದೊಡ್ಡ ಚಮಚ ಜೋಳದ ಹಿಟ್ಟು ತಕ್ಕೊಂಡು 1 ಕಪ್ ನೀರಿನ್ಯಾಗ ಗಂಟಿಲ್ಲದಂಗ ಕಲಸಿ ಒಲಿ ಮ್ಯಾಲಿಟ್ಟು ಕೈಯಾಡಿಸ್ತಿರ್ಬೇಕು, ಚಮಚಾ ಎಳದ್ರ ಗೆರಿ ಉಳಿಯೋ ಅಂಬಲಿ ಆದ ಕೂಡ್ಲೆ ಇಳಿಸಿ ಮುಕ್ಕಾಲು ಕಪ್ ಬೆಲ್ಲ ಅದರಾಗ ಕರಗಿಸೋದು. ತತ್ತಿ ಬದ್ಲಿ ಅಗಸಿ. ಚಟ್ನಿಪುಡಿಗೆ ಹುರೀತೀವಲ್ಲ ಅದ, ಆದ್ರ ಹುರಿಬಾರ್ದು, ಹಸಿದು ಪುಡಿ ಮಾಡಿ 1 ದೊಡ್ಡ ಚಮಚಕ್ಕ 3 ದೊಡ್ಡ ಚಮಚ ನೀರು ಹಾಕಿ 10 ನಿಮಿಷ ಬಿಟ್ರ ಲೋಳಿ ಲೋಳಿ ಆಕ್ಕೈತಿ, ಒಂದು ತತ್ತಿಗೆ ಇಷ್ಟು, ಈ ಕೇಕಿಗೆ ಎರಡು ತತ್ತಿ ಲೆಕ್ಕ. ಎಣ್ಣಿ ಮೂರನೇ ಒಂದು ಕಪ್, ಸೂರ್ಯಕಾಂತಿದು. ಎಲ್ಲಾ ಕೂಡಿಸಿ 20 ನಿಮಿಷ ಮುಚ್ಚಿಡ್ರಿ, ಇಲ್ಲಂದ್ರ ಅಕ್ಕಿಹಿಟ್ಟು ಹಲ್ಲಿಗೆ ಉಸುಕಿನಂಗ ಸಿಗ್ತೈತಿ. ಕಡೀಗೆ 1 ಸಣ್ಣ ಚಮಚ ಬೇಕಿಂಗ್ ಪೌಡರ್, ಅರ್ಧ ಸಣ್ಣ ಚಮಚ ಸೋಡಾ, ಒಂದು ನಿಂಬಿಹಣ್ಣಿನ ಅರ್ಧ ಹೋಳಿನ ರಸ, ರಸ ಹಾಕಿದ ಮ್ಯಾಲೆ ಫೋನ್ ಎತ್ತಬ್ಯಾಡ್ರಿ, ನೊರಿ ಇಳಿಯೋದ್ರಾಗ ಒಲಿ ಮ್ಯಾಲೆ ಇರ್ಬೇಕು. ಬೇಕಿಂಗ್ ಪೌಡರ್ ಡಬ್ಬಿನೂ ಓದಿ ತರ್ರಿ. ನನ್ ಹತ್ರ ಓವನ್ ಇಲ್ಲ, ಹಳೇ ಕುಕ್ಕರಿನ ಗ್ಯಾಸ್ಕೆಟ್, ಸೀಟಿ ತಗದು ತಳಕ್ಕ ಉಪ್ಪು ಹಾಕಿ ಮೊದಲ 10 ನಿಮಿಷ ಕಾಸಿಟ್ಟಿರ್ತೀನಿ, ರಸ ಹಾಕಿದ ಕೂಡ್ಲೆ ಕೇಕ್ ಡಬ್ಬಿ ಅದರಾಗ ಇಟ್ಟು ಸಣ್ಣ ಉರಿ ಮ್ಯಾಲೆ 40-45 ನಿಮಿಷ. ಪೂರ್ತಿ ಆರೋ ತನಕ ಕೊಯ್ಯಬಾರ್ದು, ಬಿಸಿ ಇದ್ದಾಗ ಕೊಯ್ದ್ರ ಒಳಗ ಅಂಟು ಅಂಟು, ಬೆಂದಿಲ್ಲ ಅಂತ ನೀವು ಸುಮ್ನ ತಲಿ ಕೆಡಿಸ್ಕೊಳ್ತೀರಿ.

ಕೇಕ್ ಚಲೋ ಬಂತು, ಎರಡು ಸರ್ತಿ ಏನೂ ಆಗ್ಲಿಲ್ಲ, ಮೂರನೇ ಸರ್ತಿ ಮತ್ತ ಗಂಧಿ ಎದ್ದು. ಎಲ್ಲಾ ಅದ ಸಾಮಾನು, ತಿಳೀವಲ್ದು. ಮರುದಿನ ಗಿರಣಿಗೆ ಹೋಗಿ ನಿಂತು ನೋಡ್ದೆ, ನನಗಿಂತ ಮುಂದಿನವ್ರು ಗೋಧಿ ಹಾಕ್ಸಿದ್ರು, ಅದು ಮುಗಿದ ಕೂಡ್ಲೆ ನನ್ ಜೋಳ ಸುರುವಿದ್ರು, ಮೊದಲು ಬಂದ ಹಿಟ್ಟು ಬ್ಯಾರೆ ಬಣ್ಣದ್ದು, ನನ್ ಚೀಲದಾಗ ಬಿತ್ತು. ಅಷ್ಟ ಸಾಕಲ್ಲ. ಗಿರಣಿ ಅಣ್ಣನ ತಪ್ಪಿಲ್ಲ, ಅವನಿಗೆ ಹಿಟ್ಟು ಅಂದ್ರ ಹಿಟ್ಟು. ಈಗ ಮಗಳ ಪಾಲಿನ ಜೋಳ, ಅಕ್ಕಿ ಮನ್ಯಾಗ ಮಿಕ್ಸಿಗೆ ಹಾಕಿ ಸಣ್ಣ ಜರಡಿ ಹಿಡೀತೀನಿ, ಜರಡಿ, ಕೇಕ್ ಡಬ್ಬಿ, ಬುಟ್ಟಿ ಎಲ್ಲಾ ಬ್ಯಾರೆ, ಡಬ್ಬಿಗೆ ಮೈದಾ ಸವರೋ ಬದ್ಲಿ ಅಕ್ಕಿ ಹಿಟ್ಟು. ನಾದಿನಿ ಮಗ ಬಂದಾಗ ಶೇಂಗಾ ಹುರಿದ ಬಾಣಲಿ ಅಟ್ಟಕ್ಕ ಏರ್ತೈತಿ. ಮಿಕ್ಸಿ ಜಾರ್ ಬ್ಯಾರೆ ತಗೊಂಡಿದ್ದು ಖರ್ಚು ಅನಿಸ್ತು, ತಗೊಂಡೆ.

ಬನ್ನು ಮಾತ್ರ ಇನ್ನೂ ಬರವಲ್ದು. ಇಸಬ್‌ಗೋಲ್ ಹಾಕಿದ್ರ ಹಿಡಿತೈತಿ ಅಂತ ಹಾಕಿ ನೋಡ್ದೆ, ಉಬ್ಬಿತು, ಆರಿದ ಮ್ಯಾಲೆ ನಡುವು ಕುಸೀತು. ಅತ್ತಿ ಅದನ್ನ ಮೊಸರಿನ್ಯಾಗ ಹಿಚುಗಿ ತಿಂದು, ಇನ್ನೊಂದು ಐತೇನು ಅಂದ್ರು.