ಒಲೆ ಹಚ್ಚದೆ ಬೇಸಿಗೆ ತಿನಿಸು: ಉಪ್ಪು ಯಾವಾಗ ಹಾಕಬೇಕು?

ಏಪ್ರಿಲ್ ತಿಂಗಳ ಸುಡುಬಿಸಿಲಲ್ಲಿ ನೆಂಟರು ಬಂದರೆ ಬಾಣಲೆ ಮುಂದೆ ನಿಂತು ಬೋಂಡ ಕರಿಯುವುದು ಯಾರಿಗೆ ಬೇಕು? ಬಂದವರಿಗೂ ಅದು ಸೇರುವುದಿಲ್ಲ. ಒಲೆ ಹಚ್ಚದೆ ಮಾಡುವ ತಿನಿಸಿಗೆ ನಮ್ಮಲ್ಲಿ ಬರವೇನಿಲ್ಲ, ಅಲ್ವಾ? ಆದರೆ ಬೇಯಿಸುವುದಿಲ್ಲ ಅಂದಮೇಲೆ ರುಚಿಯೆಲ್ಲ ಹೆಚ್ಚುವ, ಕಲಸುವ ಕ್ರಮದ ಮೇಲೆ ನಿಂತಿರುತ್ತದೆ. ಅದರಲ್ಲೂ ಉಪ್ಪು ಹಾಕುವ ಹೊತ್ತು ತಪ್ಪಿದರೆ ಎಲ್ಲ ಕೆಟ್ಟಿತು ಅಂತಲೇ ಲೆಕ್ಕ.

ಹೆಸರುಬೇಳೆ ಕೋಸಂಬರಿ

ರಾಮನವಮಿಗೆ ಪಾನಕ, ನೀರುಮಜ್ಜಿಗೆ ಜೊತೆ ಹಂಚುವ ಕೋಸಂಬರಿಯನ್ನು ಬೇಸಿಗೆ ಪೂರ್ತಿ ಮಾಡಬಹುದು. ನಾಲ್ಕು ಜನಕ್ಕೆ ಅರ್ಧ ಕಪ್ ಬೇಳೆ ಸಾಕು, ನೆನೆದರೆ ಸುಮಾರು ಎರಡರಷ್ಟಾಗುತ್ತದೆ. ಎರಡು ಮೂರು ಸಲ ತೊಳೆದು ಒಂದು ಗಂಟೆ ನೆನೆಸಿ. ಒಂದು ಬೇಳೆ ತೆಗೆದು ಉಗುರಿನಿಂದ ಒತ್ತಿ ನೋಡಿ. ಪಟ್ಟನೆ ಮುರಿದರೆ ಸರಿಯಾಗಿದೆ. ರಾತ್ರಿಯೇ ನೆನೆಸಿಡಬೇಡಿ, ಸೆಖೆಗೆ ಬೇಳೆ ಹುಳಿ ವಾಸನೆ ಬರುತ್ತದೆ. ಕಡಲೆಬೇಳೆಯಾದರೆ ಎರಡು ಮೂರು ಗಂಟೆ ಬೇಕು.

ಇನ್ನು ಬೇಳೆಯನ್ನು ಜರಡಿಗೆ ಸುರಿದು ಹತ್ತು ನಿಮಿಷ ಹಾಗೇ ಬಿಡಿ. ಈ ಹತ್ತು ನಿಮಿಷವನ್ನು ಉಳಿಸಲು ಹೋಗಬೇಡಿ. ಬೇಳೆಗೆ ಅಂಟಿದ ನೀರೇ ಕೋಸಂಬರಿಯನ್ನು ಸಪ್ಪೆ ಮಾಡುವುದು. ಅಷ್ಟರಲ್ಲಿ ಒಂದು ಎಳೆ ಸೌತೆಕಾಯಿ ಹೆಚ್ಚಿಕೊಳ್ಳಿ. ತೊಟ್ಟಿನ ಕಡೆಯ ಚೂರನ್ನು ಮೊದಲು ತಿಂದು ನೋಡಿ, ಕಹಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಬೀಜ ಬಲಿತಿದ್ದರೆ ತೆಗೆಯಿರಿ. ತುರಿಯಬೇಡಿ, ಸಣ್ಣಗೆ ಹೆಚ್ಚಿ. ತುರಿದರೆ ನೀರು ಬಿಟ್ಟುಕೊಳ್ಳುವುದು ಜಾಸ್ತಿ.

ಬೇಳೆ, ಸೌತೆಕಾಯಿ, ಎರಡು ಚಮಚ ತೆಂಗಿನತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಒಂದಿಷ್ಟು ಮಾವಿನಕಾಯಿ ತುರಿ ಬೆರೆಸಿಡಿ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ ಇರುತ್ತದೆ, ಉಪ್ಪು ಬಿದ್ದ ಕೂಡಲೇ ಅದು ಹೊರಗೆ ಬರಲು ಶುರುವಾಗುತ್ತದೆ. ಅದಕ್ಕೇ ಉಪ್ಪು, ನಿಂಬೆರಸ ಎರಡನ್ನೂ ಬಡಿಸುವಾಗಲೇ ಹಾಕಬೇಕು. ಒಗ್ಗರಣೆ ಇಲ್ಲದೆ ಹೇಗೆ ಅನ್ನುವವರು ನಿಂಬೆರಸದಲ್ಲಿ ಒಂದು ಚಿಟಿಕೆ ಇಂಗು ಕದಡಿ ಹಾಕಿ ನೋಡಿ. ನನಗಂತೂ ಎಣ್ಣೆಯಿಲ್ಲದ ಈ ರುಚಿಯೇ ಇಷ್ಟ.

ಹಚ್ಚಿದ ಅವಲಕ್ಕಿ

ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಉಡುಪಿ ಕಡೆ ಮಾಡುವ ಈ ತಿನಿಸಿಗೆ ಅವಲಕ್ಕಿ ತೊಳೆಯುವಂತಿಲ್ಲ, ನೀರು ಚಿಮುಕಿಸುವಂತೆಯೂ ಇಲ್ಲ. ನೆನೆಯಲು ತೇವ ಬೇಕು, ಅದು ತೆಂಗಿನಕಾಯಿಯಿಂದಲೇ ಬರಬೇಕು. ಹಾಗಾಗಿ ಉಪ್ಪು ಮೊದಲು.

ಒಂದು ಕಪ್ ಹಸಿ ತೆಂಗಿನತುರಿಗೆ ಎರಡು ಚಮಚ ಬೆಲ್ಲದ ಪುಡಿ, ಒಂದು ಚಮಚ ಸಾರಿನ ಪುಡಿ, ಉಪ್ಪು ಹಾಕಿ. ಚಮಚ ಬದಿಗಿಟ್ಟು ಕೈಯಿಂದಲೇ ಚೆನ್ನಾಗಿ ಕಿವುಚಿ. ಬೆಲ್ಲ ಕರಗಿ, ತುರಿ ಕೆಂಪಗಾಗಿ, ಬೆರಳಿಗೆ ಜಿನುಗು ಹತ್ತುವವರೆಗೂ ಬಿಡಬೇಡಿ. ಆಗ ಮೂರು ಕಪ್ ತೆಳು ಅವಲಕ್ಕಿ ಹಾಕಿ ಹಗುರವಾಗಿ ಮೇಲೆ ಕೆಳಗೆ ಮಾಡಿ, ಹತ್ತು ನಿಮಿಷ ಮುಚ್ಚಿಡಿ. ಗಟ್ಟಿ ಅವಲಕ್ಕಿ ಇದಕ್ಕೆ ಆಗುವುದೇ ಇಲ್ಲ. ಕೊಬ್ಬರಿಯೂ ಬೇಡ, ಅದರಲ್ಲಿ ಹಾಲು ಎಲ್ಲಿರುತ್ತದೆ?

ಟೊಮೆಟೊ ಸ್ಲೈಸ್

ಬೆಂಗಳೂರಿನ ಚುರುಮುರಿ ಗಾಡಿಗಳಲ್ಲಿ ಸಿಗುವುದು ಇದೇ. ಗಟ್ಟಿ ಟೊಮೆಟೊವನ್ನು ದುಂಡಗೆ ಕತ್ತರಿಸಿ ತಟ್ಟೆಯಲ್ಲಿ ಜೋಡಿಸಿ. ಕ್ಯಾರೆಟ್ ತುರಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಖಾರದ ಪುಡಿ, ನಿಂಬೆರಸ, ಉಪ್ಪು ಕಲಸಿ ಒಂದೊಂದರ ಮೇಲೂ ಒಂದೊಂದು ಚಮಚ ಇಡಿ. ಉಪ್ಪು ಈ ಮಸಾಲೆಯಲ್ಲೇ ಇರಲಿ. ಟೊಮೆಟೊ ಮೇಲೆ ಉದುರಿಸಿದರೆ ತಟ್ಟೆ ತುಂಬ ನೀರಾಗುತ್ತದೆ. ಕಾಂಗ್ರೆಸ್ ಕಡಲೆಬೀಜ (ಹುರಿದು ಖಾರ ಹಚ್ಚಿದ ಕಡಲೆಬೀಜ), ಓಂಪುಡಿ ತಿನ್ನುವ ಮುಂಚೆ ಉದುರಿಸಿ. ಇದೇ ಮಸಾಲೆ ನಿಪ್ಪಟ್ಟಿಗೂ ಆಗುತ್ತದೆ.

ಉತ್ತರ ಕರ್ನಾಟಕದವರಿಗೆ ಪಚಡಿ ಹೇಳಿಕೊಡಬೇಕಾಗಿಲ್ಲ. ಉಳಿದವರು ಒಮ್ಮೆ ಮಾಡಿ: ಎಳೆ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚಿ ಗುರೆಳ್ಳು (ಹುಚ್ಚೆಳ್ಳು) ಪುಡಿ, ಒಂದು ಚಮಚ ಹಸಿ ಶೇಂಗಾ ಎಣ್ಣೆ ಹಾಕಿ ಕಲಸಿ, ಕೊನೆಗೆ ಉಪ್ಪು. ಕಡಕ್ ರೊಟ್ಟಿ ಮುರಿದು ಅದರಲ್ಲೇ ಎತ್ತಿ ತಿನ್ನಬೇಕು. ಮೆಂತ್ಯದ ಸಣ್ಣ ಕಹಿ ಬಿಸಿಲಿಗೆ ಬಾಯಿರುಚಿ ತರುತ್ತದೆ.

ಯಾವುದನ್ನೇ ಮಾಡಿದರೂ ಒಂದೆರಡು ಗಂಟೆಯೊಳಗೆ ತಿಂದು ಮುಗಿಸಿ. ಹಸಿ ತೆಂಗಿನತುರಿ ಸೆಖೆಗೆ ಬೇಗ ಹಳಸುತ್ತದೆ. ನೆಂಟರು ಬರುವುದು ತಡವಾದರೆ ಬೇಳೆ, ತರಕಾರಿ, ತುರಿ ಬೇರೆ ಬೇರೆ ಡಬ್ಬಿಗಳಲ್ಲಿ ಫ್ರಿಜ್ಜಿನಲ್ಲಿರಲಿ. ಅವರು ಕೈಕಾಲು ತೊಳೆದು ಕೂರುವಷ್ಟರಲ್ಲಿ ಕಲಸಿ ಕೊಡಬಹುದು.