ಸೂಜಿ ಹಾಕುವ ಗೆರೆ

ಆಳಂದ ಕಡೆಯ ತೊಗರಿ ರೈತ, 54 ವರ್ಷ. ಎಂಟು ತಿಂಗಳಿಂದ ಎಡ ತೊಡೆ ನೋವು. “ಹಗಲು ಹೊಲದಾಗ ಹ್ಯಾಂಗೋ ತಡ್ಕೋತೀನ್ರಿ ಸಾಹೇಬ್ರ, ರಾತ್ರಿ ಮಕ್ಕೊಂಡ ಮ್ಯಾಲ ಕೊರಿತದ್ರಿ” ಅಂದರು. ರಾತ್ರಿ ಕೊರೆಯುವ ನೋವು ಅಂದ ಕೂಡಲೇ ನಾನು ಎಕ್ಸ್‌ರೇ ಬರೆಯುತ್ತೇನೆ.

ತೊಡೆಮೂಳೆಯ ಮೇಲ್ತುದಿಯಲ್ಲಿ ಜೋಳದ ಅರಳು ಚೆಲ್ಲಿದಂಥ ಬಿಳಿ ಚುಕ್ಕೆಗಳು. ಮೂಳೆಯ ಗೋಡೆ ಒಳಗಿನಿಂದ ಸವೆದು ತೆಳ್ಳಗಾಗಿತ್ತು. ಕಾಂಡ್ರೋಸಾರ್ಕೋಮಾ, ಅಂದರೆ ಮೃದ್ವಸ್ಥಿ ಕಟ್ಟುವ ಕ್ಯಾನ್ಸರ್ ಇರಬೇಕು ಅನ್ನಿಸಿತು.

ಇಲ್ಲೇ ನಾನು ಹಿಂದೊಮ್ಮೆ ಎಡವಿದ್ದೆ. ಇನ್ನೊಬ್ಬ ರೋಗಿಗೆ ಬಯಾಪ್ಸಿಗೆಂದು, ಅಂದರೆ ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯಲೆಂದು, ತೊಡೆಗೆ ಅಡ್ಡಲಾಗಿ ಕೊಯ್ದಿದ್ದೆ. ಸೂಜಿಯಾಗಲಿ ಚಾಕುವಾಗಲಿ ಹೋದ ದಾರಿಯಲ್ಲೆಲ್ಲ ಗಡ್ಡೆಯ ಕಣ ಬಿದ್ದು ಮತ್ತೆ ಬೆಳೆಯಬಹುದು. ಹಾಗಾಗಿ ಆ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯಬೇಕು. ನನ್ನ ಅಡ್ಡ ಗಾಯದಿಂದಾಗಿ ಆ ಮನುಷ್ಯ ಉಳಿಯಬಹುದಾಗಿದ್ದ ಸ್ನಾಯು ಕಳೆದುಕೊಂಡ. ಈಗಲೂ ಕುಂಟುತ್ತಾನೆ.

ಈ ಸಲ ಮೊದಲು ಎಂಆರ್‌ಐ, ಎದೆಯ ಸಿಟಿ. ಈ ರೋಗ ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೇ. ಆಮೇಲೆ ಆಪರೇಷನ್‌ಗೆ ಎಲ್ಲಿ ಕೊಯ್ಯುತ್ತೇವೋ ಆ ಗೆರೆಯನ್ನು ತೊಡೆಯ ಹೊರಬದಿಗೆ ಪೆನ್ನಿನಲ್ಲಿ ಎಳೆದು, ಅದರ ಮೇಲೇ ಸೂಜಿ ಹಾಕಿದೆ. ವರದಿ: ಗ್ರೇಡ್ 2, ಅಂದರೆ ಉಗ್ರತೆಯಲ್ಲಿ ನಡುವಿನ ಹಂತ.

“ಕರೆಂಟ್ ಕೊಟ್ರ ಕರಗಂಗಿಲ್ಲೇನ್ರಿ?” ಮಗ ಕೇಳಿದ. ಕರೆಂಟ್ ಅಂದರೆ ರೇಡಿಯೇಷನ್. ಎಲ್ಲರೂ ಕೇಳುವುದೇ. ಈ ಗಡ್ಡೆಗೆ ರಕ್ತನಾಳ ಕಡಿಮೆ, ಕೀಮೋ ಒಳಗೆ ಇಳಿಯುವುದಿಲ್ಲ. ಜೀವಕೋಶಗಳು ನಿಧಾನಕ್ಕೆ ಎರಡಾಗಿ ಹೆಚ್ಚುವುದರಿಂದ ರೇಡಿಯೇಷನ್ನಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಮೆಸೆಂಕೈಮಲ್‌ನಂಥ ಅಪರೂಪದ ಬಗೆಗಳಿಗೆ ಕೀಮೋ ಕೊಡುವುದುಂಟು. ಕೈಕಾಲಿನ ಉದ್ದ ಮೂಳೆಯಲ್ಲಿ ಗ್ರೇಡ್ 1 ಆಗಿದ್ದರೆ ಕೆರೆದು ಸಿಮೆಂಟ್ ತುಂಬಿದರೂ ನಡೆಯುತ್ತಿತ್ತು. ಸೊಂಟದ ಮೂಳೆಯಲ್ಲಿ ಆ ಧೈರ್ಯ ನಾನು ಮಾಡುವುದಿಲ್ಲ.

ಗಡ್ಡೆಯ ಸರ್ಜನ್ ಒಬ್ಬರನ್ನು ಜೊತೆಗೆ ಕರೆದುಕೊಂಡೆ. ಗಡ್ಡೆಯನ್ನು ಎಲ್ಲೂ ಒಡೆಯದೆ, ಸುತ್ತ ಆರೋಗ್ಯವಂತ ಮಾಂಸದ ಹೊದಿಕೆ ಸಮೇತ, ಸೂಜಿಯ ದಾರಿಯನ್ನೂ ಸೇರಿಸಿ ಒಂದೇ ತುಂಡಾಗಿ ತೆಗೆದೆವು. ಆ ಜಾಗಕ್ಕೆ ಲೋಹದ ಕೀಲು. ಲ್ಯಾಬಿನಲ್ಲಿ ಸೀಳಿದಾಗ ಒಳಗೆ ಎಳೆ ತೆಂಗಿನ ತಿರುಳಿನಂತೆ ನೀಲಿ ಮಿಶ್ರಿತ ಬಿಳುಪು, ಮಿರಮಿರ ಹೊಳೆಯುತ್ತಿತ್ತು. ನಾನು ನೋಡಿದ್ದು ಅಂಚನ್ನು. ಸುತ್ತಲೂ ಶುದ್ಧವಿತ್ತು.

ಹತ್ತು ವರ್ಷದ ನಂತರವೂ ಮರುಕಳಿಸುವ ರೋಗವಿದು. ಆರು ತಿಂಗಳಿಗೊಮ್ಮೆ ಬರಲು ಹೇಳಿದ್ದೇನೆ. ಮೊನ್ನೆ ಟವೆಲ್‌ನಲ್ಲಿ ಫಿಲಂ ಸುತ್ತಿಕೊಂಡು, ಕೋಲೂರಿಕೊಂಡು ಬಂದರು. “ನೆಲದ ಮ್ಯಾಲ ಚಕ್ಕಳಬಕ್ಕಳ ಹಾಕಿ ಉಣಬೇಕಂತೀನ್ರಿ.” ಅದು ಬೇಡವೆಂದೆ, ಕೀಲು ಜಾರೀತು. ಮುಖ ಸಣ್ಣಗಾಯಿತು. “ಹಂಗಾರ ಕುರ್ಚಿ ಮ್ಯಾಲೇ ಆಗ್ಲಿ” ಎಂದು ತೊಗರಿಬೇಳೆ ಚೀಲವನ್ನು ಟೇಬಲ್ ಮೇಲಿಟ್ಟರು.