ಹೋಗಿದ್ದಾರೆ, ಹೋಗಿ ಬಂದಿದ್ದಾರೆ

ದೊಡ್ಡವರಿಗೆ ಸಂಜೆ ಹೊತ್ತು ಇಂಗ್ಲಿಷ್ ಕಲಿಸಲು ಶುರು ಮಾಡಿದ ವರ್ಷ, ‘ಪ್ರವಾಸ ಮತ್ತು ರಜೆ’ ಪಾಠ ಬಂದರೆ ನನಗೇ ರಜೆ ಸಿಕ್ಕಂತೆ ಎಂದುಕೊಂಡಿದ್ದೆ. ಎಲ್ಲರಿಗೂ ಇಷ್ಟವಾದ ವಿಷಯ, ಮಾತು ತಾನಾಗಿ ಹರಿಯುತ್ತದೆ ಎಂಬ ಭರವಸೆ. ಕಡಲತೀರದ ಚಿತ್ರವೊಂದನ್ನು ಗೋಡೆಗೆ ಅಂಟಿಸಿ, ಕಳೆದ ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಮುಂದೆ ಕುಳಿತಿದ್ದ ಇಬ್ಬರು ಉತ್ಸಾಹದಿಂದ ಹೇಳಿದರು. ಮೂರನೆಯವರು ‘ನೋವೇರ್’ ಎಂದರು. ನಾಲ್ಕನೆಯವರೂ ಅದನ್ನೇ ಹೇಳಿದರು. ಆಮೇಲೆ ಆ ಒಂದೇ ಪದ ಬೆಂಚಿನಿಂದ ಬೆಂಚಿಗೆ ಸಾಗಿ ಕೊನೆಯ ಸಾಲು ಮುಟ್ಟಿತು. ಅವರಿಗೆ ವಾಕ್ಯ ಬರುತ್ತಿರಲಿಲ್ಲ ಎಂದಲ್ಲ, ಹೇಳಿಕೊಳ್ಳಲು ರಜೆಯೇ ಇರಲಿಲ್ಲ. ನಾನು ಕೇಳಿದ್ದು ಭಾಷೆಯ ಪ್ರಶ್ನೆಯಾಗಿರಲಿಲ್ಲ, ಜೇಬಿನ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಯನ್ನು ಅಂದೇ ಕೈಬಿಟ್ಟೆ. ಮುಂದಿನ ತಂಡಕ್ಕೆ ‘ಇವತ್ತು ಇಲ್ಲಿಗೆ ಹೇಗೆ ಬಂದಿರಿ?’ ಎಂದು ಕೇಳಿದೆ. ಬಾರದವರು ಯಾರೂ ಇರಲಿಲ್ಲವಲ್ಲ! ಬಸ್ಸಿಗೆ ‘ಬೈ’, ಕಾಲ್ನಡಿಗೆಗೆ ಮಾತ್ರ ‘ಆನ್’ ಎಂಬುದು ಅಲ್ಲೇ ಬಂತು. ವಾಹನದಲ್ಲಿ ಕುಳಿತಿದ್ದೇನೆ ಎನ್ನುವಾಗ ಬಸ್ಸು, ರೈಲು, ವಿಮಾನವಾದರೆ ‘ಆನ್’, ಕಾರು, ಟ್ಯಾಕ್ಸಿಯಾದರೆ ‘ಇನ್’ ಏಕೆ ಎಂದು ಒಬ್ಬರು ಪಟ್ಟು ಹಿಡಿದರು. ಒಳಗೆ ಎದ್ದು ಓಡಾಡಬಹುದಾದ ವಾಹನಕ್ಕೆ ‘ಆನ್’, ಬಗ್ಗಿ ನುಸುಳಿ ಕೂರಬೇಕಾದದ್ದಕ್ಕೆ ‘ಇನ್’ ಎಂದೆ. ಸಣ್ಣ ದೋಣಿಯೂ ‘ಇನ್’ ಕಡೆಗೇ ಸೇರುತ್ತದೆ. ಹಾಗಾದರೆ ಸೈಕಲ್ ಮೇಲೆ ಓಡಾಡಲು ಆಗುತ್ತದೆಯೇ ಎಂಬ ಪ್ರಶ್ನೆ ಕೂಡಲೇ ಬಂತು. ಸೈಕಲ್ಲಿಗೂ ‘ಆನ್’ ಎಂದೇ ಹೇಳುತ್ತಾರೆ, ಆದರೆ ಕಾರಣ ಬೇರೆ, ಅದರ ಬೆನ್ನೇರಿ ಕೂರುತ್ತೇವೆ. ನಿಯಮ ಹೇಳಿದ ಕೂಡಲೇ ಅದಕ್ಕೊಂದು ಸೈಕಲ್ ಅಡ್ಡ ಬರುವುದು ನನಗೆ ಅಭ್ಯಾಸವಾಗಿದೆ.

ಈ ಪಾಠದಲ್ಲಿ ಎಲ್ಲರೂ ಎಡವುತ್ತಿದ್ದ ಜಾಗ ‘ಗಾನ್’ ಮತ್ತು ‘ಬೀನ್’. ಮೂರು ವರ್ಷ ನಾನು ಕಾಲರೇಖೆ ಎಳೆದು, ಬಾಣ ಬರೆದು ವಿವರಿಸಿದೆ. ತಲೆ ಅಲ್ಲಾಡಿಸುತ್ತಿದ್ದರು, ಮಾರನೆಯ ದಿನ ಎದುರಿಗೆ ನಿಂತುಕೊಂಡೇ ‘ಐ ಹ್ಯಾವ್ ಗಾನ್’ ಎನ್ನುತ್ತಿದ್ದರು. ಉತ್ತರ ನಮ್ಮ ಬಾಯಲ್ಲೇ ಇತ್ತು. ಮನೆಗೆ ಬಂದವರಿಗೆ ‘ಅವರು ಊರಿಗೆ ಹೋಗಿದ್ದಾರೆ’ ಎಂದರೆ ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ‘ಊರಿಗೆ ಹೋಗಿ ಬಂದಿದ್ದಾರೆ’ ಎಂದರೆ ಒಳಗೆ ಬರುತ್ತಾರೆ. ಹೋಗಿ ಅಲ್ಲೇ ಇದ್ದರೆ ‘ಗಾನ್’, ಹೋಗಿ ಬಂದಿದ್ದರೆ ‘ಬೀನ್’. ಇಷ್ಟು ಹೇಳಿದ ದಿನ ಹಲಗೆಯ ಮೇಲೆ ಒಂದು ಬಾಣವನ್ನೂ ಬರೆಯಬೇಕಾಗಲಿಲ್ಲ. ಇನ್ನೊಂದು ಎಡವಟ್ಟು ಮಾತ್ರ ಉಳಿದೇ ಇದೆ. ಕನ್ನಡದಲ್ಲಿ ‘ಹೋದ ವರ್ಷ ಹೋಗಿ ಬಂದಿದ್ದೇನೆ’ ಎನ್ನಬಹುದು, ಇಂಗ್ಲಿಷಿನಲ್ಲಿ ‘ಹೋದ ವರ್ಷ’ ಎಂದು ಹೇಳಿದ ಮೇಲೆ ‘ಹ್ಯಾವ್ ಬೀನ್’ ನಿಲ್ಲುವುದಿಲ್ಲ, ‘ವೆಂಟ್’ ಬರಬೇಕು.

ಪದಗಳ ಬಗ್ಗೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ‘ಲಗೇಜ್’ಗೆ ಬಹುವಚನವಿಲ್ಲ. ‘ಟ್ರಾವೆಲ್’ ಎಂಬುದನ್ನು ಒಂದು, ಎರಡು ಎಂದು ಎಣಿಸುವಂತಿಲ್ಲ, ಎಣಿಸಲು ‘ಟ್ರಿಪ್’ ಬೇಕು. ಆ ‘ಟ್ರಾವೆಲ್’ ಪದ ಹುಟ್ಟಿದ್ದು ಕಷ್ಟ, ದುಡಿಮೆ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಎಂದಾಗ, ದಿನವೂ ನಿಂತುಕೊಂಡೇ ಬಸ್ಸಿನಲ್ಲಿ ಬರುವವರು ಜೋರಾಗಿ ನಕ್ಕರು.

ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ, ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ಮೂರನೆಯದಾದ ಬಿ1ರ ವಿವರಣೆಯಲ್ಲಿ, ಆ ಭಾಷೆ ಆಡುವ ಕಡೆ ಪ್ರಯಾಣಿಸುವಾಗ ಎದುರಾಗುವ ಹೆಚ್ಚಿನ ಸಂದರ್ಭಗಳನ್ನು ನಿಭಾಯಿಸಬಲ್ಲರು ಎಂಬ ಮಾತಿದೆ. ‘ನಿಭಾಯಿಸು’ ಎಂಬುದು ನನ್ನನ್ನು ಚುಚ್ಚಿತು. ಕಡಲತೀರದ ಚಿತ್ರದಲ್ಲಿ ನಿಭಾಯಿಸಲು ಏನಿದೆ? ಅಲ್ಲಿಯವರೆಗೆ ನಾನು ಹೋಟೆಲಿನ ಸಂಭಾಷಣೆಯನ್ನು ಪೂರ್ತಿ ಬರೆದು ಇಬ್ಬರ ಕೈಗೂ ಕೊಡುತ್ತಿದ್ದೆ. ಅವರು ನಾಟಕದ ತಾಲೀಮಿನಂತೆ ಓದಿ ಕೂರುತ್ತಿದ್ದರು. ಎದುರಿನವರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿದ್ದರೆ ಕಿವಿಗೆ ಕೆಲಸವೇ ಇಲ್ಲ.

ಅದರ ಬದಲು ಚೀಟಿಗಳನ್ನು ಮಾಡಿದೆ. ಒಬ್ಬರ ಚೀಟಿಯಲ್ಲಿ: ನೀವು ಇಂದು ರಾತ್ರಿಗೆ ಕೋಣೆ ಕಾದಿರಿಸಿದ್ದೀರಿ, ಬೆಳಿಗ್ಗೆ 6ಕ್ಕೆ ರೈಲು ಹಿಡಿಯಬೇಕು. ಇನ್ನೊಬ್ಬರದರಲ್ಲಿ: ನಿಮ್ಮ ಪುಸ್ತಕದಲ್ಲಿ ಇವರ ಹೆಸರು ನಾಳೆಯ ದಿನಾಂಕಕ್ಕೆ ಇದೆ, ಉಳಿದಿರುವುದು ಕಿಟಕಿಯಿಲ್ಲದ ಒಂದೇ ಕೋಣೆ. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡುವಂತಿಲ್ಲ. ಅಂದು ತರಗತಿ ಗದ್ದಲವೋ ಗದ್ದಲ. ‘ನೋವೇರ್’ ಎಂದು ಮೊದಲು ಹೇಳಿದವರು ಮತ್ತೆ ಈ ತಂಡಕ್ಕೆ ಸೇರಿಕೊಂಡಿದ್ದರು. ಜನ್ಮದಲ್ಲಿ ಹೋಟೆಲ್ ಮೇಜಿನ ಎದುರು ನಿಂತವರಲ್ಲ, ಆದರೆ ವಾದದಲ್ಲಿ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ನಾನು ನಡುವೆ ಬಾಯಿ ಹಾಕದೆ ತಪ್ಪುಗಳನ್ನು ಬರೆದಿಟ್ಟುಕೊಂಡು, ಕೊನೆಯ ಹತ್ತು ನಿಮಿಷದಲ್ಲಿ ಯಾರದೆಂದು ಹೇಳದೆ ಹಲಗೆಯ ಮೇಲೆ ಹಾಕಿದೆ.

ಆ ಪಟ್ಟಿಯಲ್ಲಿ ವ್ಯಾಕರಣದ ತಪ್ಪಿಗಿಂತ ಒರಟುತನವೇ ಹೆಚ್ಚಿತ್ತು. ಕನ್ನಡದಲ್ಲಿ ‘ಕೊಡಿ’, ‘ಹೇಳಿ’ ಎಂದರೆ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಇಂಗ್ಲಿಷಿನ ‘ಗಿವ್’ಗೆ ಅಂಥ ಬಾಲವಿಲ್ಲ. ಮೃದುವಾಗಿ ಮಾತನಾಡುವವರೂ ಅದರಿಂದಾಗಿ ಗದರಿದಂತೆ ಕೇಳಿಸುತ್ತಾರೆ. ‘ಕುಡ್ ಯೂ’, ‘ಐಡ್ ಲೈಕ್’ ಎಂಬುವನ್ನು ಬಿಡಿಸಿ ವಿವರಿಸದೆ ಇಡಿಯಾಗಿ ಬಾಯಿಪಾಠ ಮಾಡಿಸುತ್ತೇನೆ. ಬಾಯಿಪಾಠ ಹಳೆಯ ಪದ್ಧತಿ ಎಂದು ಮೂಗು ಮುರಿಯುವವರಿದ್ದಾರೆ, ಮುರಿಯಲಿ.

ನಾನು ನಿರೀಕ್ಷಿಸದೇ ಇದ್ದ ಕಷ್ಟ ಸ್ವಂತ ಹೆಸರಿನದು. ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಫೋನಿನಲ್ಲಿ ಹೇಳುವಂತೆ ಹೆಸರಿನ ಅಕ್ಷರಗಳನ್ನು ಹೇಳಿಸಿದರೆ ‘ಜಿ’ ಮತ್ತು ‘ಜೆ’, ‘ಇ’ ಮತ್ತು ‘ಐ’ ಅದಲುಬದಲಾದವು. ಆಗ 1956ರಿಂದ ವಿಮಾನಯಾನದಲ್ಲಿ ಬಳಕೆಯಲ್ಲಿರುವ ‘ಎ’ಗೆ ಆಲ್ಫಾ, ‘ಬಿ’ಗೆ ಬ್ರಾವೊ, ‘ಸಿ’ಗೆ ಚಾರ್ಲಿ ಎಂದು ಅಕ್ಷರಕ್ಕೊಂದು ಪದ ಹೇಳುವ ಮಾಲೆಯನ್ನು ಕಲಿಸಿದೆ. ಅದರಲ್ಲಿ ಆಲ್ಫಾವನ್ನು ‘ಪಿ’, ‘ಎಚ್’ ಬಿಟ್ಟು ‘ಎಫ್’ ಹಾಕಿ ಬರೆಯುತ್ತಾರೆ, ಎಲ್ಲ ಭಾಷೆಯವರೂ ಒಂದೇ ರೀತಿ ಓದಲಿ ಎಂದು. ಕಾಗುಣಿತದಿಂದ ಸೋತಿದ್ದ ನನ್ನ ತರಗತಿಗೆ ಆ ಬದಲಾವಣೆ ಬಹಳ ಹಿಡಿಸಿತು.

ಈಗ ಗುದ್ದಾಟ ನಡೆದಿರುವುದು ಸಂಖ್ಯೆಗಳೊಂದಿಗೆ. ‘ಫಿಫ್ಟೀನ್’ ಹೇಳಿದರೆ ‘ಫಿಫ್ಟಿ’ ಬರೆದುಕೊಳ್ಳುತ್ತಾರೆ, ಒತ್ತು ಎಲ್ಲಿ ಬೀಳುತ್ತದೆ ಎಂದು ಎಷ್ಟು ಹೇಳಿದರೂ ರೈಲು ನಿಲ್ದಾಣದ ಸದ್ದಿನಲ್ಲಿ ಅದು ಕಿವಿಗೆ ಸಿಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಕೆಲವೊಮ್ಮೆ ಸಿಗುವುದಿಲ್ಲ. ಹಾಗಾಗಿ ‘ಒನ್ ಫೈವೋ, ಫೈವ್ ಝೀರೋವೋ’ ಎಂದು ತಿರುಗಿ ಕೇಳುವುದನ್ನು ಕಲಿಸಿದೆ. ಈಚೆಗೆ ನಾನು ಧ್ವನಿಮುದ್ರಣ ಹಾಕುವ ಮೊದಲೇ ಅರ್ಧ ತರಗತಿ ಕೈ ಎತ್ತಿ ಕುಳಿತಿರುತ್ತದೆ.